ಬೆಂಗಳೂರಿನ ರೈಲು ಮತ್ತು ಮೆಟ್ರೋ ಸಂಗಮ ನಿಲ್ದಾಣಗಳ ಬಳಕೆ: ಕಡೂರು, ತರೀಕೆರೆ, ಅಜ್ಜಂಪುರದ ವರ್ತಕರಿಗೆ ಕೆಲವು ಸೂಚನೆಗಳು

ಕಡೂರು, ತರೀಕೆರೆ ಹಾಗೂ ಅಜ್ಜಂಪುರ ಭಾಗದ ವರ್ತಕರಿಗೂ ಬೆಂಗಳೂರಿನ ಸಗಟು ಮಾರುಕಟ್ಟೆಗಳಿಗೂ ಇರುವ ಸಂಬಂಧ ಬಹಳ ಹಳೆಯದು. ಜವಳಿ, ಪಾತ್ರೆ, ವಿದ್ಯುತ್ ಸಾಮಗ್ರಿ, ಲೇಖನ ಸಾಮಗ್ರಿ, ವಾಹನಗಳ ಬಿಡಿಭಾಗ ಮುಂತಾದ ವ್ಯಾಪಾರದಲ್ಲಿರುವವರು ಖರೀದಿಗಾಗಿ ಚಿಕ್ಕಪೇಟೆ, ಅವೆನ್ಯೂ ರಸ್ತೆ, ಕೃಷ್ಣರಾಜ ಮಾರುಕಟ್ಟೆಗಳಿಗೆ ಹೋಗಿಬರುತ್ತಾರೆ. ಕೃಷಿ ಉತ್ಪನ್ನಗಳ ವಹಿವಾಟಿನವರಿಗೆ ಯಶವಂತಪುರದ ಮಾರುಕಟ್ಟೆ ಪ್ರಾಂಗಣ ಪರಿಚಿತ ಸ್ಥಳ. ಈ ಪ್ರಯಾಣಕ್ಕೆ ರೈಲು ಅಗ್ಗವೂ ಅನುಕೂಲಕರವೂ ಆದ ಸಾಧನ. ಆದರೆ ರೈಲಿನಿಂದ ಇಳಿದ ನಂತರದ ಕೊನೆಯ ಕೆಲವು ಕಿಲೋಮೀಟರುಗಳಲ್ಲಿಯೇ ಸಮಯವೂ ಹಣವೂ ಸೋರಿಹೋಗುತ್ತಿರುವುದು ಲೆಕ್ಕಪತ್ರಗಳನ್ನು ನೋಡುವ ನಮ್ಮಂತಹವರ ಗಮನಕ್ಕೆ ಬರುತ್ತದೆ. ಪ್ರಯಾಣ ವೆಚ್ಚದ ಚೀಟಿಗಳಲ್ಲಿ ರೈಲಿನ ದರಕ್ಕಿಂತ ಆಟೋರಿಕ್ಷಾದ ಬಾಡಿಗೆಯೇ ಹೆಚ್ಚಾಗಿರುವ ನಿದರ್ಶನಗಳು ಅಪರೂಪವೇನಲ್ಲ.

ಬೆಂಗಳೂರಿನಲ್ಲಿ ಈಗ ನೇರಳೆ, ಹಸಿರು ಮತ್ತು ಹಳದಿ ಎಂಬ ಮೂರು ಮೆಟ್ರೋ ಮಾರ್ಗಗಳು ಸಂಚಾರದಲ್ಲಿವೆ. ರೈಲಿನಿಂದ ಮೆಟ್ರೋಗೆ, ಒಂದು ಮೆಟ್ರೋ ಮಾರ್ಗದಿಂದ ಮತ್ತೊಂದಕ್ಕೆ ಬದಲಾಯಿಸುವ ಕ್ರಮವನ್ನು ಒಮ್ಮೆ ಸರಿಯಾಗಿ ತಿಳಿದುಕೊಂಡರೆ ಬೆಳಿಗ್ಗೆ ಹೊರಟು ಖರೀದಿ ಮುಗಿಸಿ ರಾತ್ರಿಯೊಳಗೆ ಊರು ಸೇರುವುದು ಸಾಧ್ಯ. ಆ ಕ್ರಮವನ್ನು ವರ್ತಕರ ದೃಷ್ಟಿಯಿಂದ ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮಾರ್ಗ ಬದಲಾವಣೆ ನಮಗೆ ಹೊಸದೇನಲ್ಲ

ಮಾರ್ಗ ಬದಲಾಯಿಸುವ ನಿಲ್ದಾಣವೆಂದರೆ ಎರಡು ಅಥವಾ ಹೆಚ್ಚಿನ ಮಾರ್ಗಗಳು ಸಂಧಿಸುವ, ಪ್ರಯಾಣಿಕನು ಒಂದು ಗಾಡಿಯಿಂದ ಇಳಿದು ಮತ್ತೊಂದನ್ನು ಹತ್ತುವ ಸ್ಥಳ. ಈ ವ್ಯವಸ್ಥೆಯನ್ನು ನಮ್ಮ ಭಾಗದ ಜನ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಬಳಸುತ್ತ ಬಂದಿದ್ದಾರೆ. ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಮಾರ್ಗವು 1899ರಲ್ಲಿ ಆರಂಭವಾದಾಗಲೇ ಬೀರೂರು ಜಂಕ್ಷನ್ ಆಯಿತು. ಬೆಂಗಳೂರಿನಿಂದ ಅರಸೀಕೆರೆ, ಕಡೂರಿನ ಮೂಲಕ ಬರುವ ಹಳಿ ಬೀರೂರಿನಲ್ಲಿ ಕವಲೊಡೆಯುತ್ತದೆ. ಒಂದು ಕವಲು ಅಜ್ಜಂಪುರದ ಮೂಲಕ ಚಿಕ್ಕಜಾಜೂರು, ದಾವಣಗೆರೆ, ಹುಬ್ಬಳ್ಳಿಯತ್ತ ಸಾಗಿದರೆ ಇನ್ನೊಂದು ತರೀಕೆರೆಯ ಮೂಲಕ ಭದ್ರಾವತಿ, ಶಿವಮೊಗ್ಗ, ತಾಳಗುಪ್ಪದತ್ತ ಸಾಗುತ್ತದೆ. ಚಿಕ್ಕಮಗಳೂರಿಗೆ ರೈಲು ಸಂಪರ್ಕ ದೊರೆತ 2013ರಿಂದ ಕಡೂರು ಕೂಡ ಜಂಕ್ಷನ್ ಆಗಿದೆ.

ತರೀಕೆರೆಯ ವರ್ತಕರೊಬ್ಬರು ದಾವಣಗೆರೆಗೆ ರೈಲಿನಲ್ಲಿ ಹೋಗಬೇಕಾದರೆ ಬೀರೂರಿನಲ್ಲಿ ಇಳಿದು ಗಾಡಿ ಬದಲಾಯಿಸುತ್ತಾರೆ. ಅಲ್ಲಿ ಅವರು ನೋಡುವುದು ಎರಡು ಸಂಗತಿಗಳನ್ನು. ಮೊದಲನೆಯದು, ಬರಲಿರುವ ಗಾಡಿ ಅಂತಿಮವಾಗಿ ಯಾವ ಊರಿಗೆ ಹೋಗುತ್ತದೆ ಎಂಬುದು. ಎರಡನೆಯದು, ಅದು ಯಾವ ಪ್ಲಾಟ್‌ಫಾರಂಗೆ ಬರುತ್ತದೆ ಎಂಬುದು. ಶಿವಮೊಗ್ಗದ ಗಾಡಿ ಹತ್ತಿದವನು ಅಜ್ಜಂಪುರ ತಲುಪಲಾರ. ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿಯೂ ತಿಳಿಯಬೇಕಾದದ್ದು ಇವೆರಡೇ ಸಂಗತಿಗಳು. ಅಲ್ಲಿ ಹಳಿಗಳು ನೆಲದ ಕೆಳಗಿವೆ, ಜನಸಂದಣಿ ಹೆಚ್ಚು, ಗಾಡಿಗಳು ಕೆಲವೇ ನಿಮಿಷಗಳಿಗೊಮ್ಮೆ ಬರುತ್ತವೆ. ಮೂಲ ತತ್ತ್ವ ಮಾತ್ರ ಬೀರೂರಿನದೇ.

ಮೂರು ಮಾರ್ಗಗಳ ಸ್ಥೂಲ ಪರಿಚಯ

ಬೆಂಗಳೂರಿನ ಮೆಟ್ರೋ ಸಂಚಾರ 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿ ಮತ್ತು ಮಹಾತ್ಮ ಗಾಂಧಿ ರಸ್ತೆಯ ನಡುವೆ ಆರಂಭವಾಯಿತು. ಅಲ್ಲಿಂದ ಹಂತಹಂತವಾಗಿ ವಿಸ್ತರಣೆಗೊಂಡು ಈ ಕೆಳಗಿನ ರೂಪ ಪಡೆದಿದೆ.

ನೇರಳೆ ಮಾರ್ಗ: ಪಶ್ಚಿಮದ ಚಲ್ಲಘಟ್ಟದಿಂದ ಪೂರ್ವದ ವೈಟ್‌ಫೀಲ್ಡ್ (ಕಾಡುಗೋಡಿ)ವರೆಗೆ. ಇದು 2023ರ ಅಕ್ಟೋಬರ್‌ನಲ್ಲಿ ಪೂರ್ಣಗೊಂಡಿತು. ಮೈಸೂರು ರಸ್ತೆ, ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣ, ಮೆಜೆಸ್ಟಿಕ್, ವಿಧಾನಸೌಧ, ಕಬ್ಬನ್ ಪಾರ್ಕ್, ಮಹಾತ್ಮ ಗಾಂಧಿ ರಸ್ತೆ, ಇಂದಿರಾನಗರ ಮೊದಲಾದವು ಈ ಮಾರ್ಗದಲ್ಲಿವೆ.

ಹಸಿರು ಮಾರ್ಗ: ಉತ್ತರದಲ್ಲಿ ತುಮಕೂರು ರಸ್ತೆಯ ಮಾದಾವರದಿಂದ ದಕ್ಷಿಣದಲ್ಲಿ ಕನಕಪುರ ರಸ್ತೆಯ ರೇಷ್ಮೆ ಸಂಸ್ಥೆಯವರೆಗೆ. ನಾಗಸಂದ್ರದಿಂದ ಮಾದಾವರದವರೆಗಿನ ಭಾಗ 2024ರ ನವೆಂಬರ್‌ನಲ್ಲಿ ಬಳಕೆಗೆ ಬಂದಿತು. ಪೀಣ್ಯ, ಗೊರಗುಂಟೆಪಾಳ್ಯ, ಯಶವಂತಪುರ, ರಾಜಾಜಿನಗರ, ಮೆಜೆಸ್ಟಿಕ್, ಚಿಕ್ಕಪೇಟೆ, ಕೃಷ್ಣರಾಜ ಮಾರುಕಟ್ಟೆ, ಲಾಲ್‌ಬಾಗ್, ಜಯನಗರ, ಬನಶಂಕರಿ ಇದರ ಮುಖ್ಯ ನಿಲ್ದಾಣಗಳು. ನಮ್ಮ ವರ್ತಕರಿಗೆ ಅತ್ಯಂತ ಉಪಯುಕ್ತವಾದ ಮಾರ್ಗವಿದು.

ಹಳದಿ ಮಾರ್ಗ: ಜಯನಗರದ ಬಳಿಯ ರಾಷ್ಟ್ರೀಯ ವಿದ್ಯಾಲಯ ರಸ್ತೆಯಿಂದ ಬೊಮ್ಮಸಂದ್ರದವರೆಗೆ. ಇದು 2025ರ ಆಗಸ್ಟ್ 10ರಂದು ಉದ್ಘಾಟನೆಗೊಂಡಿತು. ಎಲೆಕ್ಟ್ರಾನಿಕ್ ಸಿಟಿ ಮತ್ತು ಬೊಮ್ಮಸಂದ್ರ ಕೈಗಾರಿಕಾ ಪ್ರದೇಶಗಳಿಗೆ ಹೋಗುವವರಿಗೆ ಅನುಕೂಲ.

ನೇರಳೆ ಮತ್ತು ಹಸಿರು ಮಾರ್ಗಗಳು ಸಂಧಿಸುವುದು ಮೆಜೆಸ್ಟಿಕ್‌ನಲ್ಲಿ. ಹಸಿರು ಮತ್ತು ಹಳದಿ ಮಾರ್ಗಗಳು ಸಂಧಿಸುವುದು ರಾಷ್ಟ್ರೀಯ ವಿದ್ಯಾಲಯ ರಸ್ತೆಯಲ್ಲಿ. ಈ ಎರಡು ಹೆಸರುಗಳನ್ನು ನೆನಪಿಟ್ಟರೆ ಇಡೀ ಜಾಲದ ಕೀಲಿಕೈ ದೊರೆತಂತೆ.

ಹೆಸರುಗಳ ಗೊಂದಲ

ಹೊಸಬರನ್ನು ದಾರಿ ತಪ್ಪಿಸುವುದು ಹಳಿಗಳಿಗಿಂತ ಹೆಚ್ಚಾಗಿ ಹೆಸರುಗಳು. ಜನ ಮೆಜೆಸ್ಟಿಕ್ ಎಂದು ಕರೆಯುವ ಮೆಟ್ರೋ ನಿಲ್ದಾಣದ ಅಧಿಕೃತ ಹೆಸರು ನಾಡಪ್ರಭು ಕೆಂಪೇಗೌಡ ನಿಲ್ದಾಣ. ಅದರ ಪಕ್ಕದ ಬಸ್ ನಿಲ್ದಾಣವೂ ಕೆಂಪೇಗೌಡರ ಹೆಸರಿನದು. ದೇವನಹಳ್ಳಿಯ ಬಳಿಯಿರುವ ವಿಮಾನ ನಿಲ್ದಾಣವೂ ಅವರ ಹೆಸರಿನದೇ. ಹಿಂದೆ ಸಿಟಿ ರೈಲ್ವೆ ಸ್ಟೇಷನ್ ಎನಿಸಿದ್ದ ನಿಲ್ದಾಣ ಈಗ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ಬೆಂಗಳೂರು ನಿಲ್ದಾಣ, ಸಂಕ್ಷೇಪವಾಗಿ ಕೆಎಸ್ಆರ್ ಬೆಂಗಳೂರು. ಅದಕ್ಕೆ ಹೊಂದಿಕೊಂಡಿರುವ ನೇರಳೆ ಮಾರ್ಗದ ಮೆಟ್ರೋ ನಿಲ್ದಾಣಕ್ಕೂ ಅದೇ ಹೆಸರು. ಆದ್ದರಿಂದ ‘ರಾಯಣ್ಣ ನಿಲ್ದಾಣದಲ್ಲಿ ಸಿಗೋಣ’ ಎಂದರೆ ರೈಲಿನ ನಿಲ್ದಾಣವೋ ಮೆಟ್ರೋ ನಿಲ್ದಾಣವೋ ಎಂದು ಕೇಳಿಕೊಳ್ಳಬೇಕು.

ಇಂತಹ ಗೊಂದಲ ನಮ್ಮಲ್ಲಿ ಮಾತ್ರವಿಲ್ಲ. ಜಪಾನಿನ ಒಸಾಕಾ ನಗರದ ಹೃದಯಭಾಗದಲ್ಲಿ ಜೆಆರ್ ರೈಲುಗಳ ನಿಲ್ದಾಣಕ್ಕೆ ‘ಒಸಾಕಾ’ ಎಂದು ಹೆಸರು. ಅದಕ್ಕೆ ತಾಗಿದಂತೆಯೇ ಇರುವ ಹಾನ್ಕ್ಯು ಮತ್ತು ಹಾನ್ಶಿನ್ ಎಂಬ ಖಾಸಗಿ ರೈಲು ಕಂಪನಿಗಳ ನಿಲ್ದಾಣಗಳಿಗೆ 2019ರಿಂದ ‘ಒಸಾಕಾ ಉಮೆದಾ’ ಎಂದು ಹೆಸರು. ನೆಲದಡಿಯ ಮೆಟ್ರೋಗೆ ಅಲ್ಲಿಯೇ ಉಮೆದಾ, ಪಶ್ಚಿಮ ಉಮೆದಾ, ಪೂರ್ವ ಉಮೆದಾ ಎಂಬ ಅರ್ಥದ ಹೆಸರುಗಳುಳ್ಳ ಮೂರು ನಿಲ್ದಾಣಗಳಿವೆ. ಇವೆಲ್ಲವೂ ನಡೆದು ಮುಟ್ಟುವಷ್ಟು ಹತ್ತಿರದಲ್ಲಿವೆ. ಅಲ್ಲಿನ ಪ್ರಯಾಣಿಕರು ಊರಿನ ಹೆಸರನ್ನು ನಂಬಿ ಹೊರಡುವುದಿಲ್ಲ. ಯಾವ ಕಂಪನಿಯ ಯಾವ ಮಾರ್ಗ, ಹೊರಬರಬೇಕಾದ ದ್ವಾರದ ಸಂಖ್ಯೆ ಯಾವುದು ಎಂಬುದನ್ನು ಮೊದಲೇ ತಿಳಿದುಕೊಂಡು ಹೊರಡುತ್ತಾರೆ. ಟೋಕಿಯೋದ ಶಿಂಜುಕು ನಿಲ್ದಾಣಕ್ಕೆ ಇನ್ನೂರಕ್ಕೂ ಹೆಚ್ಚು ದ್ವಾರಗಳಿರುವುದರಿಂದ ಅಲ್ಲಿ ದ್ವಾರ ತಪ್ಪಿದವನು ಬೇರೆಯದೇ ಬಡಾವಣೆಯಲ್ಲಿ ಮೇಲೆದ್ದಂತೆ ಆಗುತ್ತದೆ. ನಾವು ಅನುಸರಿಸಬಹುದಾದ ಪಾಠವೆಂದರೆ ಮಾರ್ಗದ ಬಣ್ಣ, ಅಂತಿಮ ನಿಲ್ದಾಣ, ಹೊರದ್ವಾರ ಈ ಮೂರನ್ನೂ ಊರಿನಲ್ಲಿಯೇ ಚೀಟಿಯಲ್ಲಿ ಬರೆದಿಟ್ಟುಕೊಳ್ಳುವುದು. ಸರಕಿನ ಪಟ್ಟಿ ಬರೆಯುವ ಕಾಗದದ ತುದಿಯಲ್ಲಿ ಇದಕ್ಕೆ ಮೂರು ಸಾಲು ಸಾಕು.

ಎಲ್ಲಿ ಇಳಿಯಬೇಕು?

ಕಡೂರಿನಿಂದ ತುಮಕೂರಿನ ಮೂಲಕ ಕೆಎಸ್ಆರ್ ಬೆಂಗಳೂರಿಗೆ ಹೋಗುವ ಗಾಡಿಗಳು ಮೊದಲು ಯಶವಂತಪುರವನ್ನು ಹಾದುಹೋಗುತ್ತವೆ. ಕೆಲವು ಗಾಡಿಗಳ ಪ್ರಯಾಣ ಯಶವಂತಪುರದಲ್ಲಿಯೇ ಮುಗಿಯುತ್ತದೆ. ನಮ್ಮಲ್ಲಿ ಅನೇಕರು ಗಾಡಿ ಕೊನೆಯವರೆಗೆ ಹೋಗುತ್ತದೆ ಎಂಬ ಕಾರಣಕ್ಕೆ ಯಶವಂತಪುರದಲ್ಲಿ ಕುಳಿತೇ ಇದ್ದು, ಕೆಎಸ್ಆರ್ ನಿಲ್ದಾಣದಲ್ಲಿ ಇಳಿದು, ಅಲ್ಲಿಂದ ಆಟೋ ಹಿಡಿದು ಚಿಕ್ಕಪೇಟೆಗೆ ಹೋಗುತ್ತಾರೆ. ಯಶವಂತಪುರದಲ್ಲಿ ಇಳಿದರೆ ತುಮಕೂರು ರಸ್ತೆಯ ಕಡೆಗೆ ಹೊರಬಂದು ಹಸಿರು ಮಾರ್ಗದ ಮೆಟ್ರೋ ಹತ್ತಬಹುದು. ಅಲ್ಲಿಂದ ಎಂಟನೆಯ ನಿಲ್ದಾಣವೇ ಚಿಕ್ಕಪೇಟೆ, ಒಂಬತ್ತನೆಯದು ಕೃಷ್ಣರಾಜ ಮಾರುಕಟ್ಟೆ. ನಡುವೆ ಮೆಜೆಸ್ಟಿಕ್ ಬಂದರೂ ಇಳಿಯುವ ಅಗತ್ಯವಿಲ್ಲ, ಅದೇ ಗಾಡಿ ಮುಂದುವರಿಯುತ್ತದೆ. ಸಂಗಮ ನಿಲ್ದಾಣವನ್ನು ಬಳಸುವ ಜಾಣ್ಮೆಯಲ್ಲಿ ಅನಗತ್ಯ ಬದಲಾವಣೆಯನ್ನು ತಪ್ಪಿಸುವುದೂ ಸೇರಿದೆ.

ಕೆಲಸಕ್ಕೆ ತಕ್ಕಂತೆ ಇಳಿಯುವ ಸ್ಥಳವನ್ನು ಹೀಗೆ ನಿರ್ಧರಿಸಬಹುದು.

1. ಚಿಕ್ಕಪೇಟೆ, ಅವೆನ್ಯೂ ರಸ್ತೆ, ಕೃಷ್ಣರಾಜ ಮಾರುಕಟ್ಟೆ, ಜಯನಗರ: ಯಶವಂತಪುರದಲ್ಲಿ ಇಳಿದು ರೇಷ್ಮೆ ಸಂಸ್ಥೆಯ ಕಡೆಗೆ ಹೋಗುವ ಹಸಿರು ಮಾರ್ಗದ ಗಾಡಿ.

2. ಗೊರಗುಂಟೆಪಾಳ್ಯ, ಪೀಣ್ಯ ಕೈಗಾರಿಕಾ ಪ್ರದೇಶ, ಮಾದಾವರದ ಬಳಿಯ ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರ: ಯಶವಂತಪುರದಲ್ಲಿ ಇಳಿದು ಮಾದಾವರದ ಕಡೆಗೆ ಹೋಗುವ ಹಸಿರು ಮಾರ್ಗದ ಗಾಡಿ. ಯಂತ್ರೋಪಕರಣಗಳ ಪ್ರದರ್ಶನಗಳಿಗೆ ಹೋಗುವ ಸದಸ್ಯರು ಇದನ್ನು ವಿಶೇಷವಾಗಿ ಗಮನಿಸಬೇಕು.

3. ಗಾಂಧಿನಗರದ ವಾಣಿಜ್ಯ ತೆರಿಗೆ ಕಾರ್ಯಾಲಯ: ಕೆಎಸ್ಆರ್ ಬೆಂಗಳೂರು ಅಥವಾ ಮೆಜೆಸ್ಟಿಕ್‌ನಲ್ಲಿ ಇಳಿದರೆ ಸಮೀಪ.

4. ವಿಧಾನಸೌಧ, ಉಚ್ಚ ನ್ಯಾಯಾಲಯ, ಕ್ವೀನ್ಸ್ ರಸ್ತೆಯ ಆದಾಯ ತೆರಿಗೆ ಹಾಗೂ ಕೇಂದ್ರ ತೆರಿಗೆ ಕಚೇರಿಗಳು: ಕೆಎಸ್ಆರ್ ಬೆಂಗಳೂರಿನಲ್ಲಿ ಇಳಿದು ವೈಟ್‌ಫೀಲ್ಡ್ ಕಡೆಯ ನೇರಳೆ ಮಾರ್ಗದ ಗಾಡಿ. ಇಲ್ಲಿಯೂ ಮಾರ್ಗ ಬದಲಾವಣೆ ಬೇಕಿಲ್ಲ.

5. ಎಲೆಕ್ಟ್ರಾನಿಕ್ ಸಿಟಿ, ಬೊಮ್ಮಸಂದ್ರ: ಯಶವಂತಪುರದಿಂದ ಹಸಿರು ಮಾರ್ಗದಲ್ಲಿ ರಾಷ್ಟ್ರೀಯ ವಿದ್ಯಾಲಯ ರಸ್ತೆಯವರೆಗೆ ಹೋಗಿ ಅಲ್ಲಿ ಹಳದಿ ಮಾರ್ಗಕ್ಕೆ ಬದಲಾವಣೆ.

ಒಂದೇ ದಿನದಲ್ಲಿ ತೆರಿಗೆ ಕಚೇರಿಯ ಕೆಲಸವೂ ಚಿಕ್ಕಪೇಟೆಯ ಖರೀದಿಯೂ ಇದ್ದಾಗ ಮೆಜೆಸ್ಟಿಕ್‌ನಲ್ಲಿ ಮಾರ್ಗ ಬದಲಾಯಿಸುವುದು ಅನಿವಾರ್ಯವಾಗುತ್ತದೆ.

ಮೆಜೆಸ್ಟಿಕ್‌ನಲ್ಲಿ ಬದಲಾವಣೆಯ ಕ್ರಮ

ಮೆಜೆಸ್ಟಿಕ್ ನಿಲ್ದಾಣದ ನೇರಳೆ ಮಾರ್ಗದ ಭಾಗ 2016ರಲ್ಲಿ, ಹಸಿರು ಮಾರ್ಗದ ಭಾಗ 2017ರ ಜೂನ್‌ನಲ್ಲಿ ಬಳಕೆಗೆ ಬಂದವು. ಎರಡೂ ನೆಲದಡಿಯಲ್ಲಿದ್ದು, ನೇರಳೆ ಮಾರ್ಗದ ಪ್ಲಾಟ್‌ಫಾರಂ ಮೇಲಿನ ಅಂತಸ್ತಿನಲ್ಲಿಯೂ ಹಸಿರು ಮಾರ್ಗದ್ದು ಅದಕ್ಕಿಂತ ಕೆಳಗಿನ ಅಂತಸ್ತಿನಲ್ಲಿಯೂ ಇವೆ. ಇಷ್ಟು ತಿಳಿದರೆ ಅರ್ಧ ಗೊಂದಲ ನಿವಾರಣೆಯಾಯಿತು. ನೇರಳೆಯಿಂದ ಹಸಿರಿಗೆ ಹೋಗುವವರು ಇಳಿಯಬೇಕು, ಹಸಿರಿನಿಂದ ನೇರಳೆಗೆ ಹೋಗುವವರು ಏರಬೇಕು.

ಗಾಡಿಯಿಂದ ಇಳಿದ ಕೂಡಲೇ ಜನರ ಹಿಂದೆ ನಡೆಯಬಾರದು. ಆ ಗುಂಪಿನಲ್ಲಿ ಬಹಳಷ್ಟು ಮಂದಿ ಬಸ್ ನಿಲ್ದಾಣಕ್ಕೆ ಹೊರಹೋಗುವವರಾಗಿರುತ್ತಾರೆ. ಅವರನ್ನು ಅನುಸರಿಸಿ ನಿರ್ಗಮನ ದ್ವಾರ ದಾಟಿದರೆ ಆ ಪ್ರಯಾಣ ಅಲ್ಲಿಗೆ ಮುಗಿದಂತೆ. ಮತ್ತೆ ಒಳಬರಲು ಹೊಸ ಟಿಕೆಟ್ ಬೇಕಾಗುತ್ತದೆ. ಬದಲಾಗಿ ಒಂದು ಕ್ಷಣ ಪಕ್ಕಕ್ಕೆ ನಿಂತು ತಲೆಯ ಮೇಲಿನ ಫಲಕದಲ್ಲಿ ತಮ್ಮ ಮುಂದಿನ ಮಾರ್ಗದ ಬಣ್ಣವನ್ನೂ ಬಾಣದ ಗುರುತನ್ನೂ ನೋಡಿಕೊಂಡು ಹೊರಡಬೇಕು. ಚಲಿಸುವ ಮೆಟ್ಟಿಲುಗಳ ಅಭ್ಯಾಸವಿಲ್ಲದವರು ಲಿಫ್ಟ್ ಬಳಸಬಹುದು.

ಹೊಸ ಪ್ಲಾಟ್‌ಫಾರಂ ತಲುಪಿದ ಮೇಲೆ ಎರಡನೆಯ ಪರೀಕ್ಷೆ ಅಂತಿಮ ನಿಲ್ದಾಣದ ಹೆಸರು. ಒಂದೇ ಬಣ್ಣದ ಗಾಡಿಗಳು ಎರಡು ದಿಕ್ಕಿಗೂ ಹೋಗುತ್ತವೆ. ಚಿಕ್ಕಪೇಟೆಗೆ ಹೋಗುವವರು ರೇಷ್ಮೆ ಸಂಸ್ಥೆ ಎಂಬ ಫಲಕವನ್ನು, ಯಶವಂತಪುರಕ್ಕೆ ಮರಳುವವರು ಮಾದಾವರದ ಫಲಕವನ್ನು ನೋಡಬೇಕು. ದಟ್ಟಣೆಯ ವೇಳೆಯಲ್ಲಿ ಕೆಲವು ಗಾಡಿಗಳು ಮಾರ್ಗದ ಮಧ್ಯದ ನಿಲ್ದಾಣಕ್ಕೇ ಸೀಮಿತವಾಗುವುದುಂಟು. ಆದ್ದರಿಂದ ಘೋಷಣೆಯನ್ನೂ ಕೇಳಿಸಿಕೊಳ್ಳಬೇಕು. ತಪ್ಪು ದಿಕ್ಕಿನ ಗಾಡಿ ಹತ್ತಿದರೂ ಗಾಬರಿಗೆ ಕಾರಣವಿಲ್ಲ. ಮುಂದಿನ ನಿಲ್ದಾಣದಲ್ಲಿ ಇಳಿದು, ನಿರ್ಗಮನ ದ್ವಾರ ದಾಟದೆ, ಎದುರು ದಿಕ್ಕಿನ ಗಾಡಿ ಹಿಡಿದರಾಯಿತು. ಮಹಿಳಾ ಉದ್ಯಮಿಗಳಿಗೆ ಮತ್ತೊಂದು ಅನುಕೂಲವೆಂದರೆ ಗಾಡಿಯ ಮೊದಲ ಬೋಗಿ ಮಹಿಳೆಯರಿಗೆ ಮೀಸಲು.

ಕೆಎಸ್ಆರ್ ರೈಲು ನಿಲ್ದಾಣದಲ್ಲಿ ಇಳಿದು ಚಿಕ್ಕಪೇಟೆಗೆ ಹೋಗಬೇಕಾದವರಿಗೆ ಎರಡು ದಾರಿಗಳಿವೆ. ಪಕ್ಕದ ನೇರಳೆ ಮಾರ್ಗದ ನಿಲ್ದಾಣದಿಂದ ಹೊರಟು ಒಂದೇ ನಿಲ್ದಾಣದ ದೂರದ ಮೆಜೆಸ್ಟಿಕ್‌ನಲ್ಲಿ ಮಾರ್ಗ ಬದಲಾಯಿಸುವುದು ಒಂದು. ಕೈಯಲ್ಲಿ ಹೊರೆಯಿಲ್ಲದಿದ್ದರೆ ನೇರವಾಗಿ ಮೆಜೆಸ್ಟಿಕ್ ಮೆಟ್ರೋ ನಿಲ್ದಾಣದವರೆಗೆ ನಡೆದು ಹಸಿರು ಮಾರ್ಗದ ಗಾಡಿ ಹತ್ತುವುದು ಇನ್ನೊಂದು. ಎರಡನೆಯ ಕ್ರಮದಲ್ಲಿ ಒಂದು ಬದಲಾವಣೆ ಉಳಿಯುತ್ತದೆ.

ಟಿಕೆಟ್ ಮತ್ತು ದರ

ಮಾರ್ಗ ಬದಲಾಯಿಸಿದರೂ ಮೆಟ್ರೋದಲ್ಲಿ ಒಂದೇ ಟಿಕೆಟ್ ಸಾಕು. ಹೊರಡುವ ನಿಲ್ದಾಣದಿಂದ ಅಂತಿಮವಾಗಿ ಇಳಿಯುವ ನಿಲ್ದಾಣದವರೆಗೆ ಟಿಕೆಟ್ ಪಡೆಯಬೇಕೇ ಹೊರತು ಮೆಜೆಸ್ಟಿಕ್‌ವರೆಗೊಂದು, ಅಲ್ಲಿಂದ ಮತ್ತೊಂದು ಪಡೆಯಬಾರದು. ಹಾಗೆ ಪಡೆದರೆ ದರವೂ ಹೆಚ್ಚು, ಎರಡು ಬಾರಿ ಸಾಲಿನಲ್ಲಿ ನಿಲ್ಲುವ ಶ್ರಮವೂ ಹೆಚ್ಚು. ಮೊಬೈಲ್ ಮೂಲಕ ಕ್ಯೂಆರ್ ಟಿಕೆಟ್ ಪಡೆಯಬಹುದು. ತಿಂಗಳಿಗೆ ಒಂದೆರಡು ಬಾರಿಯಾದರೂ ಹೋಗುವವರು ಸ್ಮಾರ್ಟ್ ಕಾರ್ಡ್ ಇಟ್ಟುಕೊಳ್ಳುವುದು ಲೇಸು. 2025ರ ಫೆಬ್ರವರಿ 9ರಂದು ಜಾರಿಗೆ ಬಂದ ದರಪಟ್ಟಿಯಲ್ಲಿ ಕನಿಷ್ಠ ದರ 10 ರೂಪಾಯಿ, ಗರಿಷ್ಠ ದರ 90 ರೂಪಾಯಿ ಎಂದು ನಿಗದಿಯಾಯಿತು. ಸ್ಮಾರ್ಟ್ ಕಾರ್ಡಿಗೆ ಶೇ. 5ರ ರಿಯಾಯಿತಿ, ದಟ್ಟಣೆಯಿಲ್ಲದ ವೇಳೆಯಲ್ಲಿ ಇನ್ನೂ ಶೇ. 5ರ ರಿಯಾಯಿತಿ ಅದರಲ್ಲಿ ಸೇರಿತ್ತು. ಭಾನುವಾರಗಳಂದು ಮೆಟ್ರೋ ಸಂಚಾರ ಬೆಳಿಗ್ಗೆ 7 ಗಂಟೆಗೆ ಆರಂಭವಾಗುವುದರಿಂದ ರಾತ್ರಿ ಗಾಡಿಯಲ್ಲಿ ಹೊರಟು ನಸುಕಿನಲ್ಲಿ ತಲುಪುವವರು ಆ ದಿನ ಕಾಯಬೇಕಾಗುತ್ತದೆ.

ಮೆಟ್ರೋ ಇರುವುದು ವರ್ತಕನಿಗೆ, ಸರಕಿಗಲ್ಲ

ಇದು ಎಲ್ಲಕ್ಕಿಂತ ಮುಖ್ಯವಾದ ಅಂಶ. 2002ರ ಮೆಟ್ರೋ ರೈಲ್ವೆ ಕಾಯಿದೆಯಂತೆ ಪ್ರಯಾಣಿಕನು ತನ್ನ ವೈಯಕ್ತಿಕ ವಸ್ತುಗಳಿರುವ ಸಣ್ಣ ಚೀಲವನ್ನು ಮಾತ್ರ, ನಿಗದಿಪಡಿಸಿದ ಗಾತ್ರ ಮತ್ತು ತೂಕದ ಮಿತಿಯೊಳಗೆ, ಒಯ್ಯಬಹುದು. ಪ್ರವೇಶದಲ್ಲಿಯೇ ಚೀಲಗಳ ತಪಾಸಣೆ ನಡೆಯುತ್ತದೆ. ಸೀರೆಯ ಗಂಟುಗಳನ್ನೋ ಪಾತ್ರೆಯ ಮೂಟೆಯನ್ನೋ ಹೊತ್ತು ಮೆಟ್ರೋ ದ್ವಾರದಲ್ಲಿ ನಿಂತು, ವಾಪಸು ಕಳುಹಿಸಲ್ಪಟ್ಟು, ಆಟೋಗಾಗಿ ಅಲೆದು ರೈಲು ತಪ್ಪಿಸಿಕೊಳ್ಳುವುದಕ್ಕಿಂತ ಖರೀದಿಸಿದ ಸರಕನ್ನು ಅಂಗಡಿಯವರ ಮೂಲಕವೇ ಲಾರಿ ಪಾರ್ಸೆಲ್‌ಗೆ ಅಥವಾ ರೈಲ್ವೆ ಪಾರ್ಸೆಲ್ ಕಚೇರಿಗೆ ಒಪ್ಪಿಸಿ, ಮಾದರಿ ತುಣುಕುಗಳನ್ನೂ ಬಿಲ್ಲುಗಳನ್ನೂ ಮಾತ್ರ ಕೈಯಲ್ಲಿ ಹಿಡಿದು ಮರಳುವುದು ಸೂಕ್ತ.

ಸರಕು ಕಳುಹಿಸುವಾಗ ತೆರಿಗೆ ನಿಯಮವನ್ನು ಮರೆಯಬಾರದು. ವಿನಾಯಿತಿ ಪಡೆದ ಸರಕುಗಳ ಹೊರತು 50,000 ರೂಪಾಯಿ ಮೀರಿದ ಸರಕಿನ ಸಾಗಣೆಗೆ ಇ-ವೇ ಬಿಲ್ ಅಗತ್ಯ. ರೈಲಿನಲ್ಲಿ ಬಂದ ಪಾರ್ಸೆಲ್ ಬಿಡಿಸಿಕೊಳ್ಳುವಾಗ ಇ-ವೇ ಬಿಲ್ ಹಾಜರುಪಡಿಸದಿದ್ದರೆ ರೈಲ್ವೆಯವರು ಸರಕನ್ನು ಒಪ್ಪಿಸುವಂತಿಲ್ಲ ಎಂದು ನಿಯಮವೇ ಹೇಳುತ್ತದೆ. ಆದ್ದರಿಂದ ಬೆಂಗಳೂರು ಬಿಡುವ ಮುನ್ನವೇ ಇದನ್ನು ಖಚಿತಪಡಿಸಿಕೊಳ್ಳಬೇಕು.

ಮರಳುವ ಪ್ರಯಾಣದ ಲೆಕ್ಕ

ಬೆಳಗಿನ ಪ್ರಯಾಣದಲ್ಲಿ ಅರ್ಧ ಗಂಟೆ ತಡವಾದರೆ ಖರೀದಿಯ ವೇಳೆ ಸ್ವಲ್ಪ ಕಡಿಮೆಯಾಗಬಹುದು, ಅಷ್ಟೆ. ಸಂಜೆ ಐದು ನಿಮಿಷ ತಡವಾದರೆ ಗಾಡಿಯೇ ತಪ್ಪುತ್ತದೆ. ಆದ್ದರಿಂದ ಮರಳುವ ಪ್ರಯಾಣವನ್ನು ಗಾಡಿ ಹೊರಡುವ ವೇಳೆಯಿಂದ ಹಿಮ್ಮುಖವಾಗಿ ಲೆಕ್ಕ ಹಾಕಬೇಕು.

ಉದಾಹರಣೆಗೆ, ಯಶವಂತಪುರದಿಂದ ಸಂಜೆ 5 ಗಂಟೆಗೆ ಗಾಡಿ ಇದೆ ಎಂದಿಟ್ಟುಕೊಳ್ಳೋಣ. ರೈಲು ನಿಲ್ದಾಣದಲ್ಲಿ 4.30ಕ್ಕೆ ಇರಬೇಕು. ಚಿಕ್ಕಪೇಟೆಯಿಂದ ಯಶವಂತಪುರಕ್ಕೆ ಮೆಟ್ರೋ ಪ್ರಯಾಣ ಸುಮಾರು 20 ನಿಮಿಷ, ಗಾಡಿಗಾಗಿ ಕಾಯುವುದು 10 ನಿಮಿಷ, ತಪಾಸಣೆ ಮತ್ತು ಟಿಕೆಟ್‌ಗೆ 10 ನಿಮಿಷ, ಚಿಕ್ಕಪೇಟೆಯ ಗಲ್ಲಿಗಳಿಂದ ನಿಲ್ದಾಣಕ್ಕೆ ನಡೆಯಲು 15 ನಿಮಿಷ. ಒಟ್ಟು 55 ನಿಮಿಷ. ಅಂದರೆ 3.35ಕ್ಕೆ ಕೊನೆಯ ಅಂಗಡಿಯಿಂದ ಹೊರಬಿದ್ದಿರಬೇಕು. ಮೆಜೆಸ್ಟಿಕ್‌ನಲ್ಲಿ ಮಾರ್ಗ ಬದಲಾವಣೆಯೂ ಇದ್ದರೆ ಇನ್ನೂ 15 ನಿಮಿಷ ಸೇರಿಸಿಕೊಳ್ಳಬೇಕು.

ಇದರೊಂದಿಗೆ ಟಿಕೆಟ್‌ನಲ್ಲಿ ಹೊರಡುವ ನಿಲ್ದಾಣ ಯಾವುದೆಂದು ಕಡ್ಡಾಯವಾಗಿ ನೋಡಬೇಕು. ಬೆಂಗಳೂರಿನಲ್ಲಿ ಕೆಎಸ್ಆರ್ ಮತ್ತು ಯಶವಂತಪುರದ ಜೊತೆಗೆ ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ಕೂಡ 2022ರಿಂದ ಬಳಕೆಯಲ್ಲಿದೆ. ಆ ಟರ್ಮಿನಲ್ ಮೆಟ್ರೋ ನಿಲ್ದಾಣಕ್ಕೆ ತಾಗಿಕೊಂಡಿಲ್ಲ. ನೇರಳೆ ಮಾರ್ಗದಲ್ಲಿ ಇಳಿದ ಮೇಲೆ ಬಸ್ಸನ್ನೋ ಆಟೋವನ್ನೋ ಹಿಡಿಯಬೇಕಾಗುತ್ತದೆ. ಕೆಎಸ್ಆರ್‌ನಿಂದ ಟಿಕೆಟ್ ಕಾದಿರಿಸಿ ಯಶವಂತಪುರದಲ್ಲಿ ಹತ್ತಲು ಬಯಸುವವರು ಹತ್ತುವ ನಿಲ್ದಾಣವನ್ನು ಮುಂಚಿತವಾಗಿ ಬದಲಾಯಿಸಿಕೊಳ್ಳಬೇಕು. ಇಲ್ಲವಾದಲ್ಲಿ ಗೈರುಹಾಜರಾತಿ ದಾಖಲಾಗಿ ಆಸನ ಬೇರೆಯವರ ಪಾಲಾಗಬಹುದು. ಅಜ್ಜಂಪುರದ ಸದಸ್ಯರು ಮತ್ತೊಂದು ವಿಷಯ ಗಮನಿಸಬೇಕು. ಆ ಮಾರ್ಗದ ಎಲ್ಲ ಎಕ್ಸ್‌ಪ್ರೆಸ್ ಗಾಡಿಗಳಿಗೂ ಅಜ್ಜಂಪುರದಲ್ಲಿ ನಿಲುಗಡೆ ಇಲ್ಲ. ಅಂತಹ ಗಾಡಿಯಾದರೆ ಬೀರೂರಿನಲ್ಲಿಯೋ ಕಡೂರಿನಲ್ಲಿಯೋ ಇಳಿದು ಊರಿಗೆ ಮರಳುವ ಏರ್ಪಾಡನ್ನು ಮೊದಲೇ ಮಾಡಿಕೊಂಡಿರಬೇಕು.

ಒಂದು ಗಾಡಿ ತಪ್ಪಿದರೆ ಎಷ್ಟು ನಷ್ಟ?

ಇದನ್ನು ಸಣ್ಣದೊಂದು ಲೆಕ್ಕದಿಂದ ನೋಡೋಣ. ಅಂಕಿಗಳು ಕೇವಲ ಉದಾಹರಣೆಗಾಗಿ. ಗಾಡಿ ತಪ್ಪಿದ ವರ್ತಕನು ರಾತ್ರಿ ಉಳಿಯಲು ವಸತಿಗೆ 1,200 ರೂಪಾಯಿ, ಊಟಕ್ಕೆ 300 ರೂಪಾಯಿ, ಮರುದಿನದ ಟಿಕೆಟ್‌ಗೆ 250 ರೂಪಾಯಿ ಖರ್ಚು ಮಾಡುತ್ತಾನೆ. ಮಾಲೀಕನೊಬ್ಬನೇ ನಡೆಸುವ ಅಂಗಡಿಯಾದರೆ ಮರುದಿನವೂ ಬಾಗಿಲು ಮುಚ್ಚಿರುತ್ತದೆ. ಆ ದಿನ ಬರಬೇಕಿದ್ದ ಲಾಭ 2,500 ರೂಪಾಯಿ ಎಂದಿಟ್ಟುಕೊಳ್ಳೋಣ. ಒಟ್ಟು ನಷ್ಟ 4,250 ರೂಪಾಯಿ. ಆ ವ್ಯಾಪಾರದ ನಿವ್ವಳ ಲಾಭ ಶೇ. 5 ಆಗಿದ್ದರೆ ಈ ನಷ್ಟವನ್ನು ತುಂಬಿಕೊಳ್ಳಲು 85,000 ರೂಪಾಯಿಗಳ ಹೆಚ್ಚುವರಿ ಮಾರಾಟ ಮಾಡಬೇಕು. ಸಗಟು ಅಂಗಡಿಯಲ್ಲಿ ಇನ್ನೂರು ರೂಪಾಯಿ ಕಡಿಮೆ ಮಾಡಿಸಲು ಅರ್ಧ ಗಂಟೆ ಚೌಕಾಸಿ ಮಾಡಿ ಗಾಡಿ ತಪ್ಪಿಸಿಕೊಳ್ಳುವವರು ಈ ಲೆಕ್ಕವನ್ನು ಮನದಲ್ಲಿಡಬೇಕು.

ವಸತಿ ವೆಚ್ಚದಲ್ಲಿ ಮತ್ತೊಂದು ಸೂಕ್ಷ್ಮವಿದೆ. ದಿನಕ್ಕೆ 7,500 ರೂಪಾಯಿವರೆಗಿನ ಹೋಟೆಲ್ ಕೊಠಡಿಗಳಿಗೆ ಜಿಎಸ್‌ಟಿ ದರವು 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಆದರೆ ಹೂಡುವಳಿ ತೆರಿಗೆಯ ಲಾಭವಿಲ್ಲದ ಪದ್ಧತಿಯಲ್ಲಿ ಈ ದರ ನಿಗದಿಯಾಗಿರುವುದನ್ನು ನೆನಪಿಡಬೇಕು.

ಲೆಕ್ಕಪತ್ರಕ್ಕೆ ಸಂಬಂಧಿಸಿದ ಅಂಶಗಳು

ಮೆಟ್ರೋ ಪ್ರಯಾಣಕ್ಕೆ ಜಿಎಸ್‌ಟಿ ವಿನಾಯಿತಿ ಇದೆ. ರೈಲಿನಲ್ಲಿ ಪ್ರಥಮ ದರ್ಜೆ ಮತ್ತು ಹವಾನಿಯಂತ್ರಿತ ಬೋಗಿಗಳನ್ನುಳಿದ ದರ್ಜೆಗಳಿಗೂ ವಿನಾಯಿತಿ ಇದೆ. ಹವಾನಿಯಂತ್ರಿತ ದರ್ಜೆಯಲ್ಲಿ ವ್ಯಾಪಾರದ ಕೆಲಸಕ್ಕಾಗಿ ಪ್ರಯಾಣಿಸುವ ನೋಂದಾಯಿತ ವರ್ತಕರು ಟಿಕೆಟ್ ಕಾದಿರಿಸುವಾಗಲೇ ತಮ್ಮ ಜಿಎಸ್‌ಟಿ ಸಂಖ್ಯೆಯನ್ನು ನಮೂದಿಸಬೇಕು. ಹಾಗೆ ಮಾಡದಿದ್ದರೆ ಶೇ. 5ರ ತೆರಿಗೆಯನ್ನು ಹೂಡುವಳಿ ತೆರಿಗೆಯಾಗಿ ಪಡೆಯಲು ದಾಖಲೆಯೇ ಇರುವುದಿಲ್ಲ.

ಮೆಟ್ರೋ ಕ್ಯೂಆರ್ ಟಿಕೆಟ್‌ನ ಚಿತ್ರವನ್ನೂ ಸ್ಮಾರ್ಟ್ ಕಾರ್ಡಿಗೆ ಹಣ ತುಂಬಿದ ರಸೀದಿಯನ್ನೂ ಖರೀದಿ ಬಿಲ್ಲುಗಳ ಜೊತೆಯಲ್ಲಿಯೇ ಇಡಬೇಕು. ಮೊತ್ತ ಸಣ್ಣದಾದರೂ ದಿನಾಂಕ ಹೊಂದಿಕೆಯಾಗುವ ಇಂತಹ ದಾಖಲೆಗಳು ಪ್ರಯಾಣವು ವ್ಯಾಪಾರದ ಸಲುವಾಗಿಯೇ ನಡೆಯಿತು ಎಂಬುದಕ್ಕೆ ಉತ್ತಮ ಪುರಾವೆಗಳು. ಆಟೋ ಬಾಡಿಗೆಗೆ ಇಂತಹ ಪುರಾವೆ ದೊರೆಯುವುದು ಕಡಿಮೆ.

ಗಾಡಿಯ ವೇಳೆ ಸಮೀಪಿಸಿತೆಂದು ಕಚ್ಚಾ ಚೀಟಿ ಪಡೆದು ಹೊರಡುವುದು ಮತ್ತೊಂದು ಹಾನಿಕರ ರೂಢಿ. ನಮ್ಮ ಜಿಎಸ್‌ಟಿ ಸಂಖ್ಯೆ ಸರಿಯಾಗಿ ನಮೂದಾದ ಬಿಲ್ಲು ಇಲ್ಲದೆ ಹೂಡುವಳಿ ತೆರಿಗೆ ಸಿಗುವುದಿಲ್ಲ. ಅದನ್ನು ತಿದ್ದಿಸಲು ಮತ್ತೊಮ್ಮೆ ಬೆಂಗಳೂರಿಗೆ ಹೋಗಬೇಕಾದೀತು. 3.35ಕ್ಕೆ ಅಂಗಡಿ ಬಿಡಬೇಕೆಂದರೆ 3.15ಕ್ಕೇ ಬಿಲ್ಲು ಕೇಳಬೇಕು. ಹಾಗೆಯೇ ಜನನಿಬಿಡ ನಿಲ್ದಾಣಗಳ ಮೂಲಕ ದೊಡ್ಡ ಮೊತ್ತದ ನಗದು ಒಯ್ಯುವುದು ಸುರಕ್ಷಿತವಲ್ಲ. ಕೆಲವು ವಿನಾಯಿತಿಗಳ ಹೊರತು ಒಬ್ಬ ವ್ಯಕ್ತಿಗೆ ಒಂದೇ ದಿನ 10,000 ರೂಪಾಯಿ ಮೀರಿ ನಗದಾಗಿ ಪಾವತಿಸಿದ ವೆಚ್ಚವನ್ನು ಆದಾಯ ತೆರಿಗೆ ಲೆಕ್ಕದಲ್ಲಿ ಮಾನ್ಯ ಮಾಡುವುದಿಲ್ಲ. ಬ್ಯಾಂಕ್ ಅಥವಾ ಯುಪಿಐ ಮೂಲಕ ಪಾವತಿಸಿದರೆ ಜೇಬಿನ ಭಯವೂ ಇಲ್ಲ, ತೆರಿಗೆಯ ಭಯವೂ ಇಲ್ಲ.

ಉಪಸಂಹಾರ

ಮೇಲೆ ವಿವರಿಸಿದ ವಿಷಯಗಳನ್ನು ಹೀಗೆ ಸಂಗ್ರಹಿಸಬಹುದು. ಕೆಲಸ ಎಲ್ಲಿದೆ ಎಂದು ನೋಡಿ ಇಳಿಯುವ ರೈಲು ನಿಲ್ದಾಣವನ್ನು ನಿರ್ಧರಿಸಬೇಕು. ಮಾರ್ಗದ ಬಣ್ಣ, ಅಂತಿಮ ನಿಲ್ದಾಣ, ಹೊರದ್ವಾರಗಳನ್ನು ಬರೆದಿಟ್ಟುಕೊಳ್ಳಬೇಕು. ಮಾರ್ಗ ಬದಲಾಯಿಸುವಾಗ ನಿರ್ಗಮನ ದ್ವಾರ ದಾಟಬಾರದು. ಸರಕನ್ನು ಪಾರ್ಸೆಲ್‌ಗೆ ಒಪ್ಪಿಸಿ ಹಗುರವಾಗಿ ಪ್ರಯಾಣಿಸಬೇಕು. ಮರಳುವ ಗಾಡಿಯ ವೇಳೆಯಿಂದ ಹಿಂದಕ್ಕೆ ಲೆಕ್ಕ ಹಾಕಿ ಅಂಗಡಿ ಬಿಡಬೇಕು.

ದೊಡ್ಡ ಮಳಿಗೆಗಳಿಗೆ ಪ್ರತಿನಿಧಿಗಳೇ ಸರಕು ತಂದುಕೊಡುತ್ತಾರೆ. ಸ್ವತಃ ಹೋಗಿ ಆರಿಸಿ ತರುವುದೇ ಸಣ್ಣ ಪಟ್ಟಣದ ವರ್ತಕನ ಬಲ. ಆ ಪ್ರಯಾಣ ಒಂದೇ ದಿನದಲ್ಲಿ ಮುಗಿದರೆ ಮಾತ್ರ ಆ ಬಲ ಉಳಿಯುತ್ತದೆ. ಎರಡು ದಿನ ಹಿಡಿದರೆ ಆರಿಸಿ ತಂದ ಲಾಭವೆಲ್ಲ ದಾರಿಯಲ್ಲಿಯೇ ಕರಗುತ್ತದೆ. ಮೊದಲ ಬಾರಿ ಹೋಗುವವರು ಖರೀದಿಯ ಒತ್ತಡ ಕಡಿಮೆಯಿರುವ ದಿನವೊಂದರಲ್ಲಿ ಮೆಟ್ರೋ ಬಲ್ಲ ಮತ್ತೊಬ್ಬ ಸದಸ್ಯರೊಡನೆ ಹೋಗಿಬಂದರೆ ಎರಡನೆಯ ಬಾರಿಗೆ ಯಾರ ನೆರವೂ ಬೇಕಾಗದು. ನಮ್ಮ ಸಂಸ್ಥೆಯ ಕಚೇರಿಯ ಸೂಚನಾ ಫಲಕದಲ್ಲಿ ಮೆಟ್ರೋ ಮಾರ್ಗನಕ್ಷೆಯೊಂದನ್ನು, ಅದರ ಪಕ್ಕದಲ್ಲಿ ಕಡೂರು, ಬೀರೂರು, ತರೀಕೆರೆ, ಅಜ್ಜಂಪುರ ನಿಲ್ದಾಣಗಳ ಚಾಲ್ತಿ ವೇಳಾಪಟ್ಟಿಯನ್ನು ಹಾಕಿಸಿ, ರೈಲ್ವೆ ವೇಳಾಪಟ್ಟಿ ಬದಲಾದಾಗಲೆಲ್ಲ ಅದನ್ನೂ ಬದಲಾಯಿಸುವಂತೆ ಪದಾಧಿಕಾರಿಗಳಲ್ಲಿ ವಿನಂತಿಸುತ್ತೇನೆ.